ಸೆಪ್ಟಿಕ್ ಟ್ಯಾಂಕಾ, ಯುಜಿಡಿನಾ? ಪಾಯ ಅಗೆಸುವ ಮುಂಚೆ ಇದನ್ನು ನೋಡಿಕೊಳ್ಳಿ

ಸೈಟ್ ಮುಂದೆ ಯುಜಿಡಿ ಲೈನ್, ಅಂದರೆ ರಸ್ತೆಯಡಿಯ ಒಳಚರಂಡಿ, ಇದ್ದು ಅದರಲ್ಲಿ ನೀರು ಹರಿಯುತ್ತಿದ್ದರೆ ಬೇರೆ ಯೋಚನೆಯೇ ಬೇಡ, ಅದಕ್ಕೇ ಕನೆಕ್ಷನ್ ತಗೊಳ್ಳಿ. ಆದರೆ ಹರಿಯುತ್ತಿದೆಯಾ ಅಂತ ನೀವೇ ಕಣ್ಣಾರೆ ನೋಡಬೇಕು. ಬೆಂಗಳೂರಿನ ಅಂಚಿನಲ್ಲಿ, ಅದರಲ್ಲೂ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆ, ಕೆಲವು ರಸ್ತೆಗಳಲ್ಲಿ ಮ್ಯಾನ್‌ಹೋಲ್ ಮುಚ್ಚಳ ಕಾಣುತ್ತದೆ, ಒಳಗೆ ಪೈಪೂ ಇರುತ್ತದೆ, ಆದರೆ ಮುಂದಿನ ದೊಡ್ಡ ಲೈನಿಗೆ ಅದಿನ್ನೂ ಸೇರಿರುವುದಿಲ್ಲ.

ನಮಗೆ ಹೀಗೇ ಆಯ್ತು. ಸೈಟ್ ಮಾರಿದವರು "ಯುಜಿಡಿ ಆಗಿದೆ ಸಾರ್" ಅಂದಿದ್ದರು. ನಮ್ಮ ಮೇಸ್ತ್ರಿ ಬೆಳಿಗ್ಗೆ ಏಳೂವರೆಗೆ, ಬೀದಿಯವರೆಲ್ಲ ಸ್ನಾನ ಮಾಡುವ ಹೊತ್ತಿಗೆ, ಹಾರೆ ಹಾಕಿ ಮುಚ್ಚಳ ಸರಿಸಿ, ಸ್ವಲ್ಪ ಹೊತ್ತು ದೂರ ನಿಂತು ಗಾಳಿ ಆಡಲು ಬಿಟ್ಟು, ಆಮೇಲೆ ಟಾರ್ಚ್ ಬಿಟ್ಟು ತೋರಿಸಿದರು. ಕಪ್ಪು ನೀರು. ಒಂದು ಒಣ ಎಲೆ ಹಾಕಿದರು. ಹತ್ತು ನಿಮಿಷ ಆದರೂ ಎಲೆ ಅಲ್ಲೇ ಇತ್ತು.

ಲೈನ್ ಹರಿಯುತ್ತಿದ್ದರೂ ಲೆವೆಲ್ ನೋಡಬೇಕು. 4 ಇಂಚಿನ ಪೈಪಿಗೆ ಸುಮಾರು 40 ಅಡಿಗೆ 1 ಅಡಿ ಇಳಿಜಾರು ಬೇಕು. ಹಿಂದಿನ ಬಾತ್‌ರೂಮಿನಿಂದ ರಸ್ತೆಯ ಚೇಂಬರ್‌ವರೆಗೆ ಅಷ್ಟು ಇಳಿಜಾರು ಸಿಗದಿದ್ದರೆ ಪಾಯವನ್ನೇ ಎತ್ತರ ಮಾಡಿಸಿ. ಮನೆ ರಸ್ತೆಗಿಂತ ತಗ್ಗಿದ್ದರೆ ಜೋರು ಮಳೆಯಲ್ಲಿ ರಸ್ತೆಯ ಕೊಳಚೆ ನಿಮ್ಮ ಬಾತ್‌ರೂಮಿಗೇ ಉಕ್ಕುತ್ತದೆ. ಅಂಥ ಕಡೆ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಲೇಬೇಕು. ಟೆರೇಸಿನ ಮಳೆನೀರಿನ ಪೈಪನ್ನು ಯುಜಿಡಿಗೂ ಕೊಡಬೇಡಿ, ಟ್ಯಾಂಕಿಗೂ ಕೊಡಬೇಡಿ.

ಯುಜಿಡಿ ಇಲ್ಲ ಅಂತಾದರೆ ಸೆಪ್ಟಿಕ್. ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. "ಒಂದು ಪಿಟ್ ಹೊಡೆಸಿಬಿಡೋಣ" ಅಂತ ಕಾಂಟ್ರಾಕ್ಟರ್ ಹೇಳಿದರೆ, ಅದು ಸಿಮೆಂಟ್ ರಿಂಗ್ ಇಳಿಸಿದ, ತಳವೇ ಇಲ್ಲದ ಗುಂಡಿ. ಅದು ಸೆಪ್ಟಿಕ್ ಟ್ಯಾಂಕ್ ಅಲ್ಲ. ಟ್ಯಾಂಕ್ ಅಂದರೆ ತಳ, ಗೋಡೆ ಎಲ್ಲ ನೀರು ಸೋರದಂತೆ ಕಟ್ಟಿದ್ದು. ಗಟ್ಟಿ ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಟೀ (T) ಆಕಾರದ ಪೈಪಿನ ಮೂಲಕ, ನೀರು ಮಣ್ಣಿಗೆ ಇಳಿಯುವ ಇಂಗುಗುಂಡಿಗೆ ಹೋಗುತ್ತದೆ. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ ಎರಡು ಇಂಚಾದರೂ ಕೆಳಗಿರಬೇಕು. ಭಾರತೀಯ ಮಾನಕ ಐಎಸ್ 2470ರ ಪ್ರಕಾರ 5 ಜನರಿಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರಿನ ಆಳ 1 ಮೀಟರ್ ಇದ್ದರೆ ನಡೆಯುತ್ತದೆ. ನಾನಾದರೆ ಇನ್ನೂ ಸ್ವಲ್ಪ ದೊಡ್ಡದೇ ಕಟ್ಟಿಸಿ ಅನ್ನುತ್ತೇನೆ, ಹಬ್ಬಕ್ಕೆ ನೆಂಟರು ಬರುತ್ತಾರಲ್ವಾ.

ಈಗ ನನಗೆ ನಿದ್ದೆಗೆಡಿಸಿದ ಲೆಕ್ಕ. ಅದೇ ಮಾನಕದ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ ಹತ್ತಿರ ಹತ್ತಿರ 60 ಅಡಿ ದೂರ ಇರಬೇಕು. ನಮ್ಮದು 30-40 ಸೈಟು. ಈ ಮೂಲೆಯಿಂದ ಆ ಮೂಲೆಗೆ ಟೇಪ್ ಹಿಡಿದರೂ 50 ಅಡಿ ಮಾತ್ರ! ಒಂದೇ ಸೈಟಿನಲ್ಲಿ ಬೋರ್‌ವೆಲ್ ಮತ್ತು ಇಂಗುಗುಂಡಿ ಎರಡೂ ನಿಯಮದ ಪ್ರಕಾರ ಕೂರುವುದೇ ಇಲ್ಲ. ಪಕ್ಕದ ಮನೆಯವರ ಬೋರ್ ಬೇರೆ ಇದೆ. ಹಾಗಾಗಿ ನಾವು ಬೋರ್ ನೀರನ್ನು ಬಾಯಿಗೆ ಹಾಕುವುದಿಲ್ಲ. ಕುದಿಸಿದರೆ ಸಾಕು ಅಂತ ಸುಮ್ನೆ ಇರಬೇಡಿ, ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ಕರಾವಳಿ ಕಡೆಯವರು ಇನ್ನೂ ಹುಷಾರಾಗಿರಬೇಕು: ಅಲ್ಲಿ ಮನೆಗೊಂದು ಬಾವಿ, ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ, ಗುಂಡಿಯ ನೀರು ಬಾವಿಗೆ ಸೇರಲು ಜಾಸ್ತಿ ಹೊತ್ತು ಬೇಕಿಲ್ಲ.

ಟ್ಯಾಂಕನ್ನು ಹಿತ್ತಲಲ್ಲಿ ಮಾಡಿಸಬೇಡಿ, ಮುಂದೆ ಕಾರ್ ನಿಲ್ಲಿಸುವ ಜಾಗದಲ್ಲಿ ಮಾಡಿಸಿ, ಮೇಲೆ ಗಟ್ಟಿ ಸ್ಲ್ಯಾಬ್ ಇರಲಿ. ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಲಾರಿ ಬರಬೇಕು, ಅದರ ಪೈಪು ಮುಟ್ಟಬೇಕು. ಪೈಪು ಮುಟ್ಟದ ಕಡೆಯೇ "ಇಬ್ಬರು ಇಳಿದು ಎತ್ತಿಹಾಕುತ್ತಾರೆ" ಅನ್ನುವ ಮಾತು ಬರುವುದು. ದಯವಿಟ್ಟು ಯಾರನ್ನೂ ಇಳಿಸಬೇಡಿ. ಒಳಗಿನ ಗ್ಯಾಸ್ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಹೋದವರೂ ಸಾಯುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ರಕ್ಷಣೆಯಿಲ್ಲದೆ ಹೀಗೆ ಇಳಿಸುವುದು ಅಪರಾಧ. ಲಾರಿಯವರನ್ನು ಎಲ್ಲಿ ಸುರಿಯುತ್ತೀರಿ ಅಂತಲೂ ಕೇಳಿ. ದೇವನಹಳ್ಳಿಯಲ್ಲಿ 2015ರಿಂದಲೇ ಈ ಕೆಸರನ್ನು ಸಂಸ್ಕರಿಸುವ ಘಟಕ ಇದೆ, ಕೆರೆಗೆ ಸುರಿಯುವ ಅಗತ್ಯ ಇಲ್ಲ.

ಇನ್ನೊಂದು ಕೆಲಸ ಈಗಲೇ ಮಾಡಿಸಿ. ಮನೆಯಿಂದ ಬರುವ ಪೈಪಿನಲ್ಲಿ, ಟ್ಯಾಂಕಿಗಿಂತ ಮುಂಚೆಯೇ ಒಂದು ಚೇಂಬರ್ ಕಟ್ಟಿಸಿ, ಅಲ್ಲಿಂದ ಕಾಂಪೌಂಡ್‌ವರೆಗೆ ಒಂದು ಖಾಲಿ ಪೈಪ್ ಎಳೆದು ಕ್ಯಾಪ್ ಹಾಕಿಸಿ. ಯುಜಿಡಿ ಚಾಲೂ ಆದ ದಿನ ಮನೆಯೊಳಗೆ ಒಂದು ಟೈಲ್ಸೂ ಒಡೆಯದೆ ಲೈನ್ ಬದಲಾಗುತ್ತದೆ. ಆಗ ಹಳೇ ಟ್ಯಾಂಕನ್ನು ನೀರಿನ ಸಂಪು ಮಾಡಿಕೊಳ್ಳೋಣ ಅಂತ ಯಾರಾದರೂ ಅಂದರೆ ಖಂಡಿತ ಬೇಡ ಅನ್ನಿ. ಪೂರ್ತಿ ಖಾಲಿ ಮಾಡಿಸಿ, ಮರಳು ತುಂಬಿಸಿ ಮುಚ್ಚಿಸಿ.