ಬೆನ್ನುಮೂಳೆಯ ಎಕ್ಸ್-ರೇ: ರೋಗಿಗೆ ತಗಲುವ ವಿಕಿರಣವನ್ನು ತಗ್ಗಿಸುವ ಕ್ರಮ

ಮಾಲೂರು, ಮುಳಬಾಗಿಲು ಕಡೆಯಿಂದ ಸೊಂಟನೋವೆಂದು ಕೋಲಾರಕ್ಕೆ ಬರುವ ರೋಗಿಯ ಬಳಿ ಹಳೆಯ ಫಿಲ್ಮ್ ಇದ್ದರೆ ಮೊದಲು ಅದನ್ನು ನೋಡಬೇಕು. ಅದೇ ಸಾಕಾದರೆ ಹೊಸದು ಬೇಡ. ಮಹಿಳೆಯರಲ್ಲಿ ಗರ್ಭದ ಸಾಧ್ಯತೆಯನ್ನು ವಿಚಾರಿಸಿಯೇ ಮುಂದುವರಿಯಬೇಕು.

ಕಾಲಿಮೇಟರ್‌ನಿಂದ (ಕಿರಣ ಬೀಳುವ ಜಾಗವನ್ನು ಮಿತಿಗೊಳಿಸುವ ಸಾಧನದಿಂದ) ಕಿರಣದ ಕ್ಷೇತ್ರವನ್ನು ಬೆನ್ನುಮೂಳೆಯ ಅಗಲಕ್ಕೆ ಕಿರಿದುಗೊಳಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅದರಿಂದ ಅಕ್ಕಪಕ್ಕದ ಅಂಗಗಳಿಗೆ ತಗಲುವ ಡೋಸ್ (ವಿಕಿರಣದ ಪ್ರಮಾಣ) ಕಡಿಮೆಯಾಗುವುದಲ್ಲದೆ ಚದುರಿದ ಕಿರಣಗಳು ತಗ್ಗಿ ಚಿತ್ರವೂ ಸ್ಪಷ್ಟವಾಗುತ್ತದೆ. ಡಿಜಿಟಲ್ ಯಂತ್ರದಲ್ಲಿ ತೆಗೆದ ಮೇಲೆ ಅಂಚು ಕತ್ತರಿಸಿದರೆ ನೋಡಲು ಅಚ್ಚುಕಟ್ಟಾದೀತು, ರೋಗಿಗೆ ಮಾತ್ರ ಲಾಭವಿಲ್ಲ. ಚಿತ್ರದ ಗುಣಮಟ್ಟ ಅನುಮತಿಸುವಷ್ಟು ಕೆವಿಪಿ (ಕಿರಣ ಎಷ್ಟು ತೂರಿಹೋಗುತ್ತದೆಂದು ನಿರ್ಧರಿಸುವ ವೋಲ್ಟೇಜ್) ಏರಿಸಿ, ಎಂಎಎಸ್ (ಎಷ್ಟು ಕಿರಣ ಹೊರಡುತ್ತದೆಂದು ನಿರ್ಧರಿಸುವ ವಿದ್ಯುತ್ ಪ್ರವಾಹ ಮತ್ತು ಸಮಯದ ಗುಣಲಬ್ಧ) ಇಳಿಸಬೇಕು.

ಸ್ಕೋಲಿಯೋಸಿಸ್‌ಗಾಗಿ (ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ) ಪದೇಪದೇ ಚಿತ್ರ ಬೇಕಾಗುವ ಬಾಲಕಿಯರನ್ನು, ಬೆನ್ನು ಕಿರಣ ಹೊರಡುವ ಟ್ಯೂಬಿನ ಕಡೆಗಿರುವಂತೆ ನಿಲ್ಲಿಸಿದರೆ, ಕಿರಣವು ದೇಹದಲ್ಲಿ ಕುಗ್ಗಿಯೇ ಎದೆಯ ಭಾಗವನ್ನು ತಲುಪುವುದರಿಂದ ಸ್ತನಗಳಿಗೆ ತಗಲುವ ಡೋಸ್ ಬಹಳ ಕಡಿಮೆಯಾಗುತ್ತದೆ.