ಮೊದಲು ಹಣೆಪಟ್ಟಿ, ಆಮೇಲೆ ವಿಚಾರಣೆ: ಗ್ವಾಂಟನಾಮೋ ಕಡತಗಳ ಜೊತೆ ನನ್ನ ಅನುಭವ

ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಬಂಧನ ಶಿಬಿರ ಗ್ವಾಂಟನಾಮೋ. ಅಲ್ಲಿನ ಬಂದಿಗಳ ಹೇಬಿಯಸ್ ಕಾರ್ಪಸ್ ಅರ್ಜಿಗಳಿಗೆ, ಅಂದರೆ ಬಂಧನ ಕಾನೂನುಬದ್ಧವೇ ಅಂತ ಕೋರ್ಟು ನೋಡಬೇಕೆಂದು ಕೋರುವ ಅರ್ಜಿಗಳಿಗೆ, ಕಾನೂನು ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಕೋರ್ಟಿನಲ್ಲಿ ನಿಂತು ವಾದಿಸುವವರು ಬೇರೆ ಇದ್ದರು. ನಾನು ರಹಸ್ಯವಲ್ಲದ ಕಾಗದಗಳನ್ನಷ್ಟೇ ನೋಡುತ್ತಿದ್ದೆ. ಬಂದಿಯನ್ನು ಭೇಟಿಯಾದ ವಕೀಲರು ಬರೆದುಕೊಂಡ ಟಿಪ್ಪಣಿ ಕೂಡ ತಪಾಸಣೆ ಮುಗಿಯುವವರೆಗೆ ರಹಸ್ಯವೇ. ತಮ್ಮ ಅಕ್ಷರ ಅಂತ ಸುಮ್ನೆ ಆಫೀಸಿಗೆ ತರುವ ಹಾಗಿರಲಿಲ್ಲ.

"ಭಯೋತ್ಪಾದಕರಿಗೂ ಹಕ್ಕಾ?" ಅಂತ ಕೇಳುವವರು ಜಾಸ್ತಿ. ಅವನು ಭಯೋತ್ಪಾದಕ ಅಂತ ತೀರ್ಮಾನಿಸಿದ್ದು ಯಾರು, ಯಾವಾಗ, ಯಾವ ಕಾಗದ ನೋಡಿ ಅಂತ ನಾನು ತಿರುಗಿ ಕೇಳುತ್ತಿದ್ದೆ.

ಕಡತ ಬಂದ ಕೂಡಲೇ ಆರೋಪ ಓದುತ್ತಿರಲಿಲ್ಲ. ಆತ ಎಲ್ಲಿ ಸಿಕ್ಕ, ಯಾರ ಕೈಗೆ ಸಿಕ್ಕ ಅನ್ನುವುದನ್ನು ಮೊದಲು ಹುಡುಕುತ್ತಿದ್ದೆ. ಅಫ್ಘಾನಿಸ್ತಾನದ ಯುದ್ಧದಲ್ಲಿ ಬಂದೂಕಿನ ಸಮೇತ ಸಿಕ್ಕವನ ಲೆಕ್ಕವೇ ಬೇರೆ, ಬೋಸ್ನಿಯಾದಲ್ಲಿ ಹಿಡಿದು ವಿಮಾನ ಹತ್ತಿಸಿದವನ ಲೆಕ್ಕವೇ ಬೇರೆ. ಯಾರು ಯುದ್ಧಕೈದಿ ಅಂತ 1949ರ ಮೂರನೇ ಜಿನೀವಾ ಒಪ್ಪಂದದ 4ನೇ ವಿಧಿ ಹೇಳುತ್ತದೆ. ಯುದ್ಧಕೈದಿಯನ್ನು ಬರೀ ಹೋರಾಡಿದ್ದಕ್ಕೆ ಶಿಕ್ಷಿಸುವಂತಿಲ್ಲ. ಯುದ್ಧಾಪರಾಧವನ್ನೋ ಬೇರೆ ಅಪರಾಧವನ್ನೋ ಮಾಡಿದ್ದರೆ ಮಾತ್ರ ವಿಚಾರಣೆ. ಹೋರಾಡಿ ಸಿಕ್ಕವನು ಯಾವ ಗುಂಪಿಗೆ ಸೇರುತ್ತಾನೆ ಅನ್ನುವ ಅನುಮಾನ ಬಂದರೆ 5ನೇ ವಿಧಿ ಇದೆ. ನ್ಯಾಯಮಂಡಳಿ ತೀರ್ಮಾನಿಸುವವರೆಗೆ ಆತನಿಗೆ ಯುದ್ಧಕೈದಿಯ ರಕ್ಷಣೆಯೇ ಸಿಗಬೇಕು.

ಇದೇನು ಅಮೆರಿಕಕ್ಕೆ ಹೊಸದಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅದರ ಸೇನೆಯೇ ಇಂಥ ಸುಮಾರು 1,200 ವಿಚಾರಣೆ ನಡೆಸಿತ್ತು. ಅವರಲ್ಲಿ ಹೆಚ್ಚಿನವರು ಸೈನಿಕರೇ ಅಲ್ಲ, ನೆಲೆ ತಪ್ಪಿದ ನಾಗರಿಕರು ಅಂತ ಗೊತ್ತಾಯಿತು. ಆದರೆ 2002ರ ಫೆಬ್ರವರಿ 7ರಂದು ಅಧ್ಯಕ್ಷ ಬುಷ್ ಒಂದೇ ಆದೇಶದಲ್ಲಿ, ಅಲ್ ಖೈದಾ ಮತ್ತು ತಾಲಿಬಾನ್‌ನ ಯಾರೂ ಯುದ್ಧಕೈದಿಗಳಲ್ಲ ಎಂದುಬಿಟ್ಟರು. ಒಬ್ಬೊಬ್ಬರನ್ನೂ ಕೂರಿಸಿ ಕೇಳುವ ಪ್ರಶ್ನೆಯೇ ಉಳಿಯಲಿಲ್ಲ. ಗ್ವಾಂಟನಾಮೋದ ಮುಂದಿನ ಎಲ್ಲ ಗೋಜಲಿನ ಬೇರು ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಹಿಡಿದ ಹೊಸದರಲ್ಲಿ ಸಾಕ್ಷಿಗಳು ಹತ್ತಿರ ಇರುತ್ತಾರೆ, ನೆನಪು ಹಸಿಯಾಗಿರುತ್ತದೆ. ವರ್ಷಗಳಾದ ಮೇಲೆ ಉಳಿಯುವುದು ಗುಪ್ತಚರ ವರದಿ ಮಾತ್ರ.

ಶಿಬಿರ ತೆರೆದದ್ದು 2002ರ ಜನವರಿಯಲ್ಲಿ. ಬಂದಿಗಳು ಕೋರ್ಟಿಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ ರಸೂಲ್ ಪ್ರಕರಣದಲ್ಲಿ ಹೇಳಿದ್ದು 2004ರ ಜೂನ್‌ನಲ್ಲಿ. ಮರುತಿಂಗಳೇ ಸೇನೆ ಅವಸರದಲ್ಲಿ, ಬಂದಿ ಶತ್ರು ಹೋರಾಟಗಾರನೋ ಅಲ್ಲವೋ ಅಂತ ತೀರ್ಮಾನಿಸುವ ಸ್ಥಾನಮಾನ ಮಂಡಳಿಗಳನ್ನು ಮಾಡಿತು. 558 ವಿಚಾರಣೆ ನಡೆದು, 38 ಮಂದಿ ಶತ್ರು ಹೋರಾಟಗಾರರಲ್ಲ ಅಂತ ತೀರ್ಮಾನವಾಯಿತು. ವಕೀಲರಿಲ್ಲ. ರಹಸ್ಯ ಸಾಕ್ಷ್ಯ ಬಂದಿಗೆ ಕಾಣುವುದಿಲ್ಲ. ಬೋಸ್ನಿಯಾದಿಂದ ತಂದ ಒಬ್ಬನ ಮೇಲೆ, ಅಲ್ಲಿದ್ದ ಅಲ್ ಖೈದಾದವನೊಬ್ಬನ ಒಡನಾಟವಿತ್ತು ಅನ್ನುವ ಆರೋಪ. ಅವನ ಹೆಸರು ಹೇಳಿ, ಉತ್ತರ ಕೊಡುತ್ತೇನೆ ಅಂದ ಬಂದಿ. ಹೆಸರು ನನಗೆ ಗೊತ್ತಿಲ್ಲ ಅಂದರು ಮಂಡಳಿಯ ಅಧ್ಯಕ್ಷರು! 2005ರಲ್ಲಿ ನ್ಯಾಯಾಧೀಶೆ ಜಾಯ್ಸ್ ಹೆನ್ಸ್ ಗ್ರೀನ್ ಈ ಮಾತುಕತೆಯನ್ನು ತಮ್ಮ ತೀರ್ಪಿನಲ್ಲೇ ಎತ್ತಿ ಬರೆದರು. ಇನ್ನು ಕೆಲವು ಕಡತಗಳಲ್ಲಿ ಕ್ಯಾಸಿಯೊ ಎಫ್-91ಡಬ್ಲ್ಯೂ ವಾಚ್ ಕಟ್ಟಿದ್ದೇ ಸಾಕ್ಷ್ಯ. ಬಾಂಬಿನ ಟೈಮರ್ ಮಾಡಲು ಅದು ಬಳಕೆಯಾಗುತ್ತದಂತೆ. ಲೋಕವೆಲ್ಲ ಕಟ್ಟುವ ಅಗ್ಗದ ವಾಚ್ ಅದು, ಅಲ್ವಾ?

ಹಾಗಾಗಿ ಆರೋಪದ ಪ್ರತಿ ವಾಕ್ಯದ ಎದುರು ಅದನ್ನು ಹೇಳಿದವರು ಯಾರು ಅಂತ ಬರೆದುಕೊಳ್ಳುತ್ತಿದ್ದೆ. ಐದು ವರದಿಗಳಲ್ಲಿ ಕಂಡ ಮಾತಿನ ಮೂಲ ಒಬ್ಬನೇ ಸಹಬಂದಿ ಆಗಿರುವ ಸಾಧ್ಯತೆ ಇರುತ್ತದೆ. ಹೇಬಿಯಸ್ ಅರ್ಜಿ ಹಾಕುವುದು ಬಂದಿಗಳ ಸಾಂವಿಧಾನಿಕ ಹಕ್ಕು ಅಂದ ಸುಪ್ರೀಂ ಕೋರ್ಟಿನ 2008ರ ಬೂಮೆದಿಯೆನ್ ತೀರ್ಪಿನ ನಂತರ ಕೋರ್ಟುಗಳು ಇಂಥ ಮೂಲವನ್ನು ಕೆದಕಿ ನೋಡತೊಡಗಿದವು. ಮೇಲ್ಮನವಿ ಕೋರ್ಟಿನ 2011ರ ಲತೀಫ್ ತೀರ್ಪು ಬಂದ ಮೇಲೆ ಕೆಲಸ ಕಷ್ಟವಾಯಿತು. ಬೇರೆ ಪುರಾವೆ ಬರುವವರೆಗೆ, ಸರ್ಕಾರಿ ವರದಿಯಲ್ಲಿ ಹೇಳಿಕೆ ಸರಿಯಾಗಿಯೇ ದಾಖಲಾಗಿದೆ ಅಂತ ಕೋರ್ಟು ನಂಬಬೇಕಾಯಿತು.

ಜಿನೀವಾ ಒಪ್ಪಂದವನ್ನು ನೇರವಾಗಿ ಎತ್ತುವಂತೆಯೂ ಇರಲಿಲ್ಲ. ಅದನ್ನು ಹಕ್ಕಿನ ಮೂಲವಾಗಿ ಹೇಬಿಯಸ್ ಅರ್ಜಿಯಲ್ಲಿ ಬಳಸದಂತೆ 2006ರ ಮಿಲಿಟರಿ ಕಮಿಷನ್ಸ್ ಕಾಯ್ದೆ ಬಾಗಿಲು ಹಾಕಿತ್ತು. ನಾವು ಪಕ್ಕದ ಬಾಗಿಲು ಹಿಡಿದೆವು. ಸಂಸತ್ತು ಕೊಟ್ಟ ಬಲಪ್ರಯೋಗದ ಅನುಮತಿಯಲ್ಲಿ ಬಂಧಿಸುವ ಅಧಿಕಾರವೂ ಸೇರಿದೆ ಅಂತ 2004ರ ಹಮ್ದಿ ತೀರ್ಪು ಯುದ್ಧದ ಕಾನೂನನ್ನು ಆಧರಿಸಿ ಹೇಳಿತು. ಅಧಿಕಾರಕ್ಕೆ ಯುದ್ಧದ ಕಾನೂನು ಆಧಾರವಾದರೆ ಅದರ ಮಿತಿಯೂ ಅಲ್ಲಿಂದಲೇ ಬರಬೇಕು. ಹಕ್ಕು ಕೇಳುವ ಬದಲು ಮಿತಿ ತೋರಿಸುವುದು. ನನ್ನ ಟಿಪ್ಪಣಿಗಳಲ್ಲಿ ಹೆಚ್ಚಿನವು ಈ ದಾರಿಯವೇ.

ಶಿಕ್ಷೆ ಕೊಡುವ ವಿಚಾರಣೆಗೆ ಬಂದರೆ, 2006ರ ಹಮ್ದಾನ್ ತೀರ್ಪು ನಮ್ಮ ಆಧಾರ. ಜಿನೀವಾದ ನಾಲ್ಕೂ ಒಪ್ಪಂದಗಳಿಗೆ ಸಾಮಾನ್ಯವಾದ 3ನೇ ವಿಧಿ ಅಲ್ ಖೈದಾದ ಜೊತೆಗಿನ ಸಂಘರ್ಷಕ್ಕೂ ಅನ್ವಯಿಸುತ್ತದೆ ಅಂತ ಅಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ಪ್ರಕಾರ ರಚನೆಯಾದ ಕೋರ್ಟೇ ಬೇಕು, ಆರೋಪಿಯನ್ನು ಹೊರಗಿಟ್ಟು ಸಾಕ್ಷ್ಯ ಒಪ್ಪುವ ಮಂಡಳಿ ನಡೆಯದು.

ಗ್ವಾಂಟನಾಮೋದಿಂದ ನ್ಯೂಯಾರ್ಕಿನ ಸಾಮಾನ್ಯ ಕೋರ್ಟಿಗೆ ಹೋದದ್ದು ಒಬ್ಬನೇ, 1998ರಲ್ಲಿ ಪೂರ್ವ ಆಫ್ರಿಕಾದ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ನಡೆದ ಬಾಂಬ್ ದಾಳಿಯ ಆರೋಪಿ ಅಹ್ಮದ್ ಘಾಯಿಲಾನಿ. 2009ರಲ್ಲಿ ಕರೆತಂದರು, 2011ರ ಜನವರಿಗೆ ಜೀವಾವಧಿ ಶಿಕ್ಷೆಯಾಯಿತು. ಬಲವಂತದ ಹೇಳಿಕೆಯಿಂದ ಪತ್ತೆಯಾದ ಮುಖ್ಯ ಸಾಕ್ಷಿಯನ್ನು ನ್ಯಾಯಾಧೀಶ ಕಾಪ್ಲನ್ ಒಳಗೇ ಬಿಡಲಿಲ್ಲ. 285 ಆರೋಪಗಳಲ್ಲಿ 284 ಬಿದ್ದುಹೋದವು, ಉಳಿದ ಒಂದಕ್ಕೇ ಆ ಶಿಕ್ಷೆ. ಇದನ್ನು ಸೋಲು ಅಂದವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ. 2012ರಲ್ಲಿ ಗ್ವಾಂಟನಾಮೋದ ಸೇನಾ ನ್ಯಾಯಮಂಡಳಿಯಾದ ಮಿಲಿಟರಿ ಕಮಿಷನ್ ಮುಂದೆ ಮತ್ತೆ ಆರೋಪ ಓದಿಸಿಕೊಂಡ ಸೆಪ್ಟೆಂಬರ್ 11ರ ಪ್ರಕರಣದಲ್ಲಿ ಚಿತ್ರಹಿಂಸೆಯಿಂದ ಬಂದ ಸಾಕ್ಷ್ಯದ ಜಗಳವೇ ವರ್ಷಗಟ್ಟಲೆ ಎಳೆಯಿತು. ಅದೇ ಪ್ರಶ್ನೆಯನ್ನು ಕಾಪ್ಲನ್ ಒಂದು ಆದೇಶದಲ್ಲಿ ಮುಗಿಸಿದ್ದರು. ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಓದಲು ಕೊಡುತ್ತಿದ್ದದ್ದು ಆ ಆದೇಶವನ್ನೇ.