ಸಣ್ಣ ವಿಮಾನ ಬಿದ್ದಾಗ ನಾನು ಮೊದಲು ನೋಡುವುದು ಪ್ರೊಪೆಲ್ಲರ್

ಕಲಬುರಗಿ ಸುತ್ತಮುತ್ತ ತರಬೇತಿ ವಿಮಾನವೊಂದು ಹೊಲಕ್ಕೆ ಬಿದ್ದರೆ ಸಾಕು, ಅರ್ಧ ಗಂಟೆಯಲ್ಲಿ ‘ಎಂಜಿನ್ ಫೇಲ್ ಆಯ್ತಂತ್ರೀ’ ಅನ್ನುವ ಮಾತು ಊರೆಲ್ಲ ಹಬ್ಬಿರುತ್ತದೆ. ಈ ವಿಮಾನಗಳ ದುರಸ್ತಿ ನನ್ನ ಕೆಲಸ. ಊಹೆ ನಾನೂ ಮಾಡುತ್ತೇನೆ. ಆದರೆ ಆ ಊಹೆಯನ್ನು ಸುಳ್ಳು ಮಾಡುವ ಗುರುತು ಯಾವುದು ಎಂದು ಮೊದಲು ಹುಡುಕುತ್ತೇನೆ.

ಎಂಜಿನ್ ಜೋರಾಗಿ ಓಡುತ್ತಿರುವಾಗ ನೆಲಕ್ಕೆ ಬಡಿದರೆ ಪ್ರೊಪೆಲ್ಲರಿನ ಎರಡೂ ಅಲಗುಗಳು ತಿರುಚಿಕೊಳ್ಳುತ್ತವೆ, ಮುಂದಿನ ಅಂಚು ಚಕ್ಕೆ ಏಳುತ್ತದೆ, ಗೀರುಗಳು ಅಲಗಿನ ಅಗಲಕ್ಕೆ ಬಿದ್ದಿರುತ್ತವೆ. ಒಂದು ಅಲಗು ಹಿಂದಕ್ಕೆ ಬಾಗಿ ಇನ್ನೊಂದು ನೆಟ್ಟಗೇ ಉಳಿದಿದ್ದರೆ ಎಂಜಿನ್ ನಿಂತಿತ್ತು, ಇಲ್ಲವೇ ಅದರಲ್ಲಿ ಕಸುವು ಇರಲಿಲ್ಲ.

ಹಾಗಿದ್ದರೆ ಮುಂದೆ ಇಂಧನ. ತರಬೇತಿಗೆ ಬಳಸುವ ಸೆಸ್ನಾ 172ಎಸ್ ವಿಮಾನ ಎರಡೂ ರೆಕ್ಕೆಗಳ ಟ್ಯಾಂಕ್ ಸೇರಿ 56 ಗ್ಯಾಲನ್, ಸುಮಾರು 212 ಲೀಟರ್ ಹಿಡಿಯುತ್ತದೆ. ಬೆಂಕಿ ಹತ್ತಲಿಲ್ಲ, ಆದ್ದರಿಂದ ಟ್ಯಾಂಕ್ ಖಾಲಿ ಅನ್ನುವುದು ಅವಸರದ ಮಾತು. ಬೇಸಿಗೆಯಲ್ಲಿ ಬಿರಿದ ಎರೆಮಣ್ಣು ಒಡೆದ ಟ್ಯಾಂಕಿನ ಇಂಧನವನ್ನೆಲ್ಲ ಕುಡಿದುಬಿಡುತ್ತದೆ. ತೊಗರಿ ನಿಂತ ಹೊಲವಾದರೆ ಗುರುತು ಸ್ಪಷ್ಟ: ಇಂಧನ ಸಿಡಿದ ಕಡೆ ಎಲೆಗಳು ಕೆಲವೇ ದಿನಗಳಲ್ಲಿ ಕಂದಾಗುತ್ತವೆ. ಆ ಕಂದುಪಟ್ಟೆ ರೆಕ್ಕೆ ಬಡಿದ ಜಾಗದಿಂದ ಮುಂದಕ್ಕೆ ಚಾಚಿದ್ದರೆ ಟ್ಯಾಂಕಿನಲ್ಲಿ ಇಂಧನ ಇತ್ತು.

ಇದ್ದ ಇಂಧನದಲ್ಲಿ ನೀರು ಬೆರೆತಿತ್ತೇ? 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ನೀಲಿ ಬಣ್ಣದ್ದು. ನೀರು ಬಣ್ಣವಿಲ್ಲದೆ ತಳದಲ್ಲಿ ಕೂರುತ್ತದೆ. ಟ್ಯಾಂಕ್ ಮುಚ್ಚಳದ ರಬ್ಬರ್ ಸೀಳಿದ್ದರೆ ರಾತ್ರಿಯ ಮಳೆಗೆ ನೀರು ಒಳಗಿಳಿಯುತ್ತದೆ. 172ಎಸ್‌ನಲ್ಲಿ ತಳದ ನೀರನ್ನು ಬಸಿದು ನೋಡುವ 13 ಡ್ರೇನ್‌ಗಳಿವೆ, ಹಾರುವ ಮುಂಚೆ ಎಲ್ಲವನ್ನೂ ನೋಡಬೇಕು.

ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ ಸೊರಗುವ ಸಂಗತಿ ಬೇರೆ. 20 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕಟ್ಟುತ್ತದೆ, ತನಿಖೆಯವರು ಬರುವಷ್ಟರಲ್ಲಿ ಕರಗಿರುತ್ತದೆ. ಅದಕ್ಕೆ ಆ ಹೊತ್ತಿನ ಹವಾಮಾನ ದಾಖಲೆಯೇ ಆಧಾರ. 172ಎಸ್‌ನಲ್ಲಿ ಕಾರ್ಬ್ಯುರೇಟರ್ ಬದಲು ಇರುವುದು ಇಂಧನ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್, ಆದ್ದರಿಂದ ಅದಕ್ಕೆ ಈ ಊಹೆ ಸಲ್ಲದು. ಕಾರ್ಬ್ಯುರೇಟರ್ ಇರುವ ಸೆಸ್ನಾ 152ಕ್ಕೆ ಸಲ್ಲುತ್ತದೆ.

ಎಂಜಿನ್ ಓಡುತ್ತಲೇ ಇತ್ತು, ಮೂಗು ನೆಲದಲ್ಲಿ ಹೂತಿದೆ, ಉದ್ದಕ್ಕೆ ಉಜ್ಜಿದ ಗುರುತಿಲ್ಲ ಅಂದರೆ ನನ್ನ ಅನುಮಾನ ಸ್ಟಾಲ್ ಕಡೆಗೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ವಿಮಾನ ಬೀಳುವುದು. ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ವೇಗ ಶೇ. 19ರಷ್ಟು ಏರುತ್ತದೆ. ಜೊತೆಗೆ ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲು: 1,500 ಅಡಿ ಎತ್ತರದ ನೆಲದಲ್ಲೂ ವಿಮಾನಕ್ಕೆ ಸಿಗುವುದು ಸುಮಾರು 5,000 ಅಡಿ ಮೇಲಿನ ತೆಳು ಗಾಳಿ. ಏರುವ ಶಕ್ತಿ ಅಷ್ಟಕ್ಕಷ್ಟೇ.

ಕಾಕ್‌ಪಿಟ್‌ನ ಫೋಟೊಗಳನ್ನು ಮಾತ್ರ ನಾನು ಸುಲಭಕ್ಕೆ ನಂಬುವುದಿಲ್ಲ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗಿಳಿಯುವ ಫ್ಲ್ಯಾಪ್ ಎಷ್ಟು ಇಳಿದಿತ್ತು ಎಂಬುದನ್ನು ಲಿವರ್ ನೋಡಿ ಹೇಳಬಾರದು, ಅದನ್ನು ಇಳಿಸುವ ತಿರುಪು, ಅಂದರೆ ಜಾಕ್‌ಸ್ಕ್ರೂ ಅಳೆಯಬೇಕು. ಪೈಲಟ್‌ನನ್ನು ಹೊರಗೆಳೆಯಲು ಓಡಿಬಂದವರು ಬೆಂಕಿಯ ಭಯಕ್ಕೆ ಸ್ವಿಚ್, ಇಂಧನದ ನಾಬ್ ಆಫ್ ಮಾಡಿರುತ್ತಾರೆ. ಅದು ಸರಿಯಾದ ಕೆಲಸವೇ. ಅವರನ್ನು ಕೇಳದೆ ‘ಇಂಧನ ಬಂದ್ ಆಗಿತ್ತು’ ಎಂದು ಪೈಲಟ್ ತಲೆಗೆ ಕಟ್ಟುವುದು ಅನ್ಯಾಯ.